ಹಬ್ಬಕ್ಕೆ ಹೋದವರು ಮರಳಿ ಬರುವ ಕಾರ್ಖಾನೆ

ಚಾಮರಾಜನಗರದಿಂದ ಹಾಸನೂರು ದಾಟಿ, ದಿಂಬಂ ಘಟ್ಟದ ತಿರುವುಗಳನ್ನು ಇಳಿದು, ಬಣ್ಣಾರಿ, ಸತ್ಯಮಂಗಲಗಳನ್ನು ಹಿಂದಿಕ್ಕಿದರೆ ಮುಂದೆ ಸಿಗುವುದು ನೂಲಿನ ಸೀಮೆ. ನೊಯ್ಯಲ್ ನದಿಯ ಮೇಲ್ದಂಡೆಗೆ ಕೊಯಮತ್ತೂರು, ಕೆಳದಂಡೆಗೆ ತಿರುಪ್ಪೂರು. ಕೊಯಮತ್ತೂರಿಗೆ ರಾಬರ್ಟ್ ಸ್ಟೇನ್ಸ್ ಮೊದಲ ನೂಲಿನ ಗಿರಣಿ ತಂದದ್ದು 1888ರಲ್ಲಿ. 1930ರ ದಶಕದಲ್ಲಿ ಪೈಕಾರದ ಜಲವಿದ್ಯುತ್ ಬಂದ ಮೇಲೆ ಗಿರಣಿಗಳು ಒಂದರ ಬೆನ್ನಿಗೊಂದು ಎದ್ದವು. 2009ರಲ್ಲಿ ಬೇರೆ ಜಿಲ್ಲೆಯಾದ ತಿರುಪ್ಪೂರು ಬನಿಯನ್, ಟಿ-ಶರ್ಟುಗಳ ಊರು. ಭಾರತದಿಂದ ಹೊರದೇಶಕ್ಕೆ ಹೋಗುವ ಹೆಣೆದ ಉಡುಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲಿಯದು. 2024–25ರಲ್ಲಿ ಅದರ ಬೆಲೆ ಸುಮಾರು 40,000 ಕೋಟಿ ರೂಪಾಯಿ. ಮನೆಯಲ್ಲಿ ಕನ್ನಡ ಮಾತನಾಡುವ ದೇವಾಂಗ ನೇಕಾರರು ಸಿರುಮುಗೈಯಂಥ ಊರುಗಳಲ್ಲಿ ತಲೆಮಾರುಗಳಿಂದ ರೇಷ್ಮೆ ನೇಯುತ್ತಿದ್ದಾರೆ. ಹನೂರು, ಕೊಳ್ಳೇಗಾಲದ ಕಡೆಯಿಂದ ಕೂಲಿ ಹುಡುಕಿ ಘಟ್ಟ ಇಳಿಯುವವರೂ ಇದ್ದಾರೆ. ಹೀಗಾಗಿ ಈ ಸೀಮೆಯ ಕಾರ್ಖಾನೆಗಳ ಕಥೆ ನಮಗೆ ದೂರದ್ದಲ್ಲ. ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿಗಳಿಗೆ, ಮದ್ದೂರು, ಶ್ರೀರಂಗಪಟ್ಟಣ, ಹಾಸನಗಳ ಗಾರ್ಮೆಂಟ್ಸ್‌ಗಳಿಗೆ ಅಲ್ಲಿಯ ಪಾಠ ಹಾಗೇ ಹೊಂದುತ್ತದೆ.

ದೀಪಾವಳಿ ಬೋನಸ್ ಕೈಗೆ ಬಂದ ಮೇಲೆ ತಿರುಪ್ಪೂರು ಅರ್ಧ ಖಾಲಿಯಾಗುತ್ತದೆ. ಮಧುರೆ, ತೇನಿ ಕಡೆಯವರು ಬಸ್ಸು ಹತ್ತುತ್ತಾರೆ, ಒಡಿಶಾ, ಬಿಹಾರ, ಜಾರ್ಖಂಡಿನವರು ರೈಲು ಹತ್ತುತ್ತಾರೆ. ವಾರ ಕಳೆದು ಮೆಷಿನ್ ಶುರುವಾಗುವ ಹೊತ್ತಿಗೆ ಕಂಪನಿ ಗೇಟುಗಳಲ್ಲಿ ‘ಟೈಲರ್ ಬೇಕು, ಚೆಕಿಂಗ್‌ಗೆ ಹೆಂಗಸರು ಬೇಕು’ ಎಂಬ ಬೋರ್ಡುಗಳು. ಆಳು ಸಿಗುವುದಿಲ್ಲ ಎಂಬುದು ಮಾಲೀಕರೆಲ್ಲರ ದೂರು. ನನಗೆ ತಿಳಿದ ಮಟ್ಟಿಗೆ ಆಳು ಸಿಗುತ್ತಾರೆ. ಸಿಕ್ಕವರು ನಿಲ್ಲುವುದಿಲ್ಲ. ಒಂದು ಕಂಪನಿ ಹೇಗಿದೆ ಎಂದು ತಿಳಿಯಬೇಕಾದರೆ ಅದರ ಪ್ರಶಸ್ತಿ ಫಲಕಗಳನ್ನು ನೋಡುವುದಕ್ಕಿಂತ ಹಬ್ಬಕ್ಕೆ ಊರಿಗೆ ಹೋದವರಲ್ಲಿ ಎಷ್ಟು ಮಂದಿ, ಯಾರೂ ಫೋನ್ ಮಾಡಿ ಕರೆಯದೆ, ತಾವಾಗಿಯೇ ಮರಳಿದರು ಎಂದು ಕೇಳುವುದು ಮೇಲು.

ಕಟ್ಟಿಹಾಕಿ ಉಳಿಸಿದ ಕಾಲ

ಆಳನ್ನು ಉಳಿಸಿಕೊಳ್ಳಲು ಈ ಸೀಮೆ ಒಮ್ಮೆ ತಪ್ಪು ದಾರಿ ಹಿಡಿದಿತ್ತು. ‘ಸುಮಂಗಲಿ ಯೋಜನೆ’ ಎಂಬ ಚೆಂದದ ಹೆಸರಿನಲ್ಲಿ ನೂಲಿನ ಗಿರಣಿಗಳು ಬಡ ಮನೆಗಳ ಹೆಣ್ಣುಮಕ್ಕಳನ್ನು ಮೂರು ವರ್ಷಕ್ಕೆಂದು ಕರೆತರುತ್ತಿದ್ದವು. ಕೈಗೆ ಸಣ್ಣ ಸಂಬಳ, ಅವಧಿ ಮುಗಿದಾಗ ಮದುವೆಗೆಂದು ಮೂವತ್ತು, ನಲವತ್ತು, ಐವತ್ತು ಸಾವಿರದ ಇಡಿಗಂಟು. ನಡುವೆ ಬಿಟ್ಟರೆ ಗಂಟು ಹೋಯಿತು. ಹಾಸ್ಟೆಲ್ ಗೇಟಿಗೆ ಬೀಗ, ಫೋನ್ ಇಲ್ಲ, ಮನೆಯವರ ಭೇಟಿಗೂ ಅಪ್ಪಣೆ ಬೇಕು. ಹತ್ತಿಯ ಧೂಳಿಗೆ, ಸಾಲು ಶಿಫ್ಟುಗಳಿಗೆ ಆರೋಗ್ಯ ಕೆಟ್ಟು ಅವಧಿಗೆ ಮೊದಲೇ ಊರಿಗೆ ಮರಳಿದವರು ಬರಿಗೈಯಲ್ಲಿ ಹೋದರು. 2011ರ ಹೊತ್ತಿಗೆ ಹೊರದೇಶದ ಸಂಸ್ಥೆಗಳ ವರದಿಗಳಲ್ಲಿ ಇದೆಲ್ಲ ಬಯಲಾಯಿತು. ಖರೀದಿದಾರ ಬ್ರ್ಯಾಂಡುಗಳು ಪ್ರಶ್ನೆ ಎತ್ತಿದವು.

ಆ ಪದ್ಧತಿ ಕ್ರೂರವಾದದ್ದು. ಅದರೊಟ್ಟಿಗೆ ವ್ಯಾಪಾರದ ದೃಷ್ಟಿಯಿಂದಲೂ ಕೆಟ್ಟದ್ದು. ಹಿಡಿದಿಟ್ಟ ಕೆಲಸಗಾರ್ತಿ ಗಡುವು ಮುಗಿದ ಮರುದಿನವೇ ಹೋಗುತ್ತಾಳೆ, ತನ್ನ ತಂಗಿಯನ್ನು ಆ ಕಡೆಗೆ ಕಳಿಸುವುದೂ ಇಲ್ಲ. ಊರಲ್ಲಿ ಕಂಪನಿಯ ಹೆಸರು ಕೆಟ್ಟರೆ ಯಾವ ಏಜೆಂಟನಿಗೂ ಅದನ್ನು ಸರಿಪಡಿಸಲು ಆಗುವುದಿಲ್ಲ.

ಮೊದಲು ಒಂದು ರಿಜಿಸ್ಟರ್

ಆಳನ್ನು ಉಳಿಸಿಕೊಳ್ಳುವ ಕೆಲಸ ಶುರುವಾಗಬೇಕಾದ್ದು ಪುಸ್ತಕದಲ್ಲಿ. ಬಿಟ್ಟು ಹೋದ ಪ್ರತಿಯೊಬ್ಬರ ಹೆಸರಿನ ಮುಂದೆ ಸೇರಿದ ತಾರೀಖು, ಬಿಟ್ಟ ತಾರೀಖು, ಯಾವ ಲೈನ್, ಯಾವ ಸೂಪರ್‌ವೈಸರ್, ಹಾಸ್ಟೆಲ್ಲೋ ಮನೆಯೋ, ಕರೆತಂದವರು ಯಾರು, ಇಷ್ಟನ್ನು ಬರೆಯಿರಿ. ಆರು ತಿಂಗಳು ಬರೆದರೆ ಸಾಕು, ಒಂದೇ ಕಂಪನಿಯೊಳಗೆ ಒಂದು ಲೈನ್ ಖಾಲಿಯಾಗುತ್ತಾ ಇನ್ನೊಂದು ನಿಂತಿರುವುದು ಕಣ್ಣಿಗೆ ಬೀಳುತ್ತದೆ. ಸೇರಿದ ಮೊದಲ ಮೂರು ತಿಂಗಳಲ್ಲಿ ಬಿಟ್ಟವರನ್ನು ಬೇರೆಯಾಗಿ ಎಣಿಸಿ. ಮೊದಲ ತಿಂಗಳಲ್ಲೇ ಹೋದವರು ಸಾಮಾನ್ಯವಾಗಿ ಏಜೆಂಟನ ಸುಳ್ಳು ಮಾತು, ಹಾಸ್ಟೆಲ್ಲಿನ ಊಟ ಅಥವಾ ಭಾಷೆ ತಿಳಿಯದ ಒಂಟಿತನದಿಂದ ಹೋಗಿರುತ್ತಾರೆ. ಎರಡು ವರ್ಷ ದುಡಿದು ಬಿಟ್ಟವರ ಕಾರಣ ಬೇರೆ: ಮಗು, ಸಂಬಳ, ಮೇಲೇರಲು ದಾರಿ ಇಲ್ಲದ್ದು.

ಒಬ್ಬರು ಬಿಟ್ಟರೆ ಎಷ್ಟು ನಷ್ಟ? ತಿಂಗಳಿಗೆ 15,000 ರೂಪಾಯಿ ಸಂಬಳದ ಟೈಲರ್ ಎಂದಿಟ್ಟುಕೊಳ್ಳಿ. ಅವರ ಜಾಗಕ್ಕೆ ಬಂದವರು ಮೊದಲ ತಿಂಗಳು ಅರ್ಧ, ಎರಡನೇ ತಿಂಗಳು ಮುಕ್ಕಾಲು ಪಾಲು ಪೀಸ್ ತೆಗೆದರೆ ಸಂಬಳದಲ್ಲೇ 11,250 ರೂಪಾಯಿ ಫಲವಿಲ್ಲದೆ ಹೋಯಿತು. ಏಜೆಂಟನಿಗೆ 2,000 ಕೊಟ್ಟರೆ 13,250. ತಿಂಗಳಿಗೆ ಹತ್ತು ಮಂದಿ ಬಿಡುವ ಘಟಕಕ್ಕೆ ವರ್ಷಕ್ಕೆ ಸುಮಾರು 16 ಲಕ್ಷ. ಕೆಟ್ಟ ಪೀಸು, ತಡವಾದ ಆರ್ಡರು, ಕಂಟೇನರ್ ತಪ್ಪಿಸಿಕೊಂಡು ವಿಮಾನದಲ್ಲಿ ಕಳಿಸಿದ ಮಾಲಿನ ಖರ್ಚು ಇದರಲ್ಲಿ ಸೇರಿಲ್ಲ. ಇವು ಉದಾಹರಣೆಯ ಅಂಕಿಗಳು. ನಿಮ್ಮ ಘಟಕದ ಅಂಕಿ ಹಾಕಿ ನೀವೇ ಕೂಡಿ ನೋಡಿ. ಮಕ್ಕಳನ್ನು ನೋಡಿಕೊಳ್ಳಲು ಇಬ್ಬರು ಆಯಾಗಳನ್ನು ಇಡುವುದು ದುಬಾರಿ ಎನ್ನುವವರು ಈ ಮೊತ್ತದ ಪಕ್ಕದಲ್ಲಿ ಆ ಖರ್ಚನ್ನು ಬರೆದುಕೊಳ್ಳಲಿ.

ಸೂಪರ್‌ವೈಸರ್‌ನ ಬಾಯಿ

ಕೆಲಸಗಾರರಿಗೆ ಕಂಪನಿ ಎಂದರೆ ಮಾಲೀಕರಲ್ಲ, ಎಚ್‌ಆರ್ ಅಲ್ಲ. ಬೆಳಗಿನಿಂದ ಸಂಜೆಯವರೆಗೆ ತಲೆಯ ಮೇಲೆ ನಿಂತ ಸೂಪರ್‌ವೈಸರೇ ಕಂಪನಿ. ಟಾರ್ಗೆಟ್ ಮುಟ್ಟಲಿಲ್ಲವೆಂದು ನಾಲ್ವರ ಎದುರು ಪೀಸನ್ನು ಮುಖಕ್ಕೆ ಎಸೆಯುವವನು, ಏಕವಚನದಲ್ಲಿ ಕೂಗುವವನು, ಬಾತ್‌ರೂಮಿಗೆ ಹೋದ ನಿಮಿಷ ಎಣಿಸುವವನು ಎಷ್ಟು ಉತ್ಪಾದನೆ ತೆಗೆಯುತ್ತಾನೋ ಅದಕ್ಕಿಂತ ಹೆಚ್ಚು ಆಳುಗಳನ್ನು ಗೇಟಿನಾಚೆ ಕಳಿಸುತ್ತಾನೆ. ಹೆಚ್ಚಿನ ಕಂಪನಿಗಳಲ್ಲಿ ಚೆನ್ನಾಗಿ ಹೊಲಿಯುವವರನ್ನು ಒಂದು ದಿನ ಎಬ್ಬಿಸಿ ಸೂಪರ್‌ವೈಸರ್ ಮಾಡಿಬಿಡುತ್ತಾರೆ. ಮಂದಿಯನ್ನು ನಡೆಸುವುದು ಹೇಗೆ ಎಂದು ಒಂದು ಗಂಟೆಯೂ ಕಲಿಸುವುದಿಲ್ಲ. ತರಬೇತಿ ಮೊದಲು ಸಲ್ಲಬೇಕಾದ್ದು ಇವರಿಗೆ. ಕೊಯಮತ್ತೂರಿನಲ್ಲಿ 1956ರಿಂದ ಇರುವ ದಕ್ಷಿಣ ಭಾರತ ಜವಳಿ ಸಂಶೋಧನಾ ಸಂಸ್ಥೆ ‘ಸಿಟ್ರಾ’ ಗಿರಣಿಗಳ ಕೆಲಸಗಾರರಿಗೂ ಮೇಲ್ವಿಚಾರಕರಿಗೂ ತರಬೇತಿ ನಡೆಸುತ್ತದೆ.

ಸೂಪರ್‌ವೈಸರ್‌ನ ಅಧಿಕಾರಕ್ಕೆ ಕಡಿವಾಣ ಇಲ್ಲದಿದ್ದರೆ ಏನಾಗಬಹುದು ಎಂಬುದಕ್ಕೆ ಪಕ್ಕದ ದಿಂಡಿಗಲ್ ಜಿಲ್ಲೆಯ ಘಟನೆ ಸಾಕ್ಷಿ. 2021ರ ಜನವರಿಯಲ್ಲಿ ತಿರುಪ್ಪೂರಿನ ಈಸ್ಟ್‌ಮನ್ ಎಕ್ಸ್‌ಪೋರ್ಟ್ಸ್ ಸಮೂಹದ ನಾಚಿ ಅಪಾರೆಲ್ ಘಟಕದಲ್ಲಿ ದುಡಿಯುತ್ತಿದ್ದ ದಲಿತ ಯುವತಿಯ ಕೊಲೆಯಾಯಿತು. ಬಂಧನವಾದದ್ದು ಆಕೆಯ ಸೂಪರ್‌ವೈಸರ್‌ನದು. ಮಹಿಳೆಯರೇ ನಡೆಸುವ ತಮಿಳುನಾಡು ಜವಳಿ ಮತ್ತು ಸಾಮಾನ್ಯ ಕಾರ್ಮಿಕರ ಸಂಘ ಪಟ್ಟುಹಿಡಿಯಿತು. 2022ರ ಏಪ್ರಿಲ್‌ನಲ್ಲಿ ಸಂಘ, ಕಂಪನಿ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳ ನಡುವೆ ‘ದಿಂಡಿಗಲ್ ಒಪ್ಪಂದ’ಕ್ಕೆ ಸಹಿ ಬಿತ್ತು. ಎಚ್ ಆ್ಯಂಡ್ ಎಂ, ಆಮೇಲೆ ಗ್ಯಾಪ್, ಪಿವಿಎಚ್ ಎಂಬ ಖರೀದಿದಾರ ಬ್ರ್ಯಾಂಡುಗಳೂ ಅದಕ್ಕೆ ಬದ್ಧವಾದವು.

ಈ ಒಪ್ಪಂದದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಅದರ ವ್ಯವಸ್ಥೆ. ಪ್ರತಿ ಫ್ಲೋರಿನಲ್ಲೂ ಸಂಘ ಆರಿಸಿದ ಕೆಲಸಗಾರ್ತಿಯರೇ ಮೇಲುಸ್ತುವಾರಿಗೆ ನಿಲ್ಲುತ್ತಾರೆ. ಯಾರಿಗಾದರೂ ಕಿರುಕುಳ ಆದರೆ ಆಫೀಸಿನ ಬಾಗಿಲು ತಟ್ಟುವ ಮೊದಲು ಪಕ್ಕದ ಮೆಷಿನ್ನಿನ ಅಕ್ಕನಿಗೆ ಹೇಳಬಹುದು. ಹೇಳಿದವರ ಮೇಲೆ ಸೇಡು ತೀರಿಸುವಂತಿಲ್ಲ. ಮೊದಲ ವರ್ಷದ ವರದಿಯಲ್ಲಿ 185 ದೂರುಗಳು, ಅವುಗಳಲ್ಲಿ ಶೇ 98ರಷ್ಟು ಇತ್ಯರ್ಥ. ದೂರು ಇಷ್ಟೊಂದೇ ಎಂದು ಕೆಲವು ಮ್ಯಾನೇಜರುಗಳಿಗೆ ಗಾಬರಿಯಾಗಬಹುದು. ನನಗೆ ಗಾಬರಿ ಹುಟ್ಟಿಸುವುದು ಸಾವಿರ ಹೆಂಗಸರು ದುಡಿಯುವ, ವರ್ಷವಿಡೀ ಒಂದು ದೂರೂ ಬಾರದ ಕಾರ್ಖಾನೆ. 2022ರ ಜುಲೈನಲ್ಲಿ ಅಮೆರಿಕ ನಾಚಿ ಅಪಾರೆಲ್ ಘಟಕದ ಮಾಲನ್ನು ತಡೆಹಿಡಿದಿತ್ತು. ಒಪ್ಪಂದದಿಂದಾದ ಬದಲಾವಣೆಗಳನ್ನು ನೋಡಿ ಸೆಪ್ಟೆಂಬರ್‌ನಲ್ಲಿ ತಡೆ ತೆರವು ಮಾಡಿತು.

ಕಾನೂನಿನ ಕನಿಷ್ಠ ಮಟ್ಟವೂ ತಿಳಿದಿರಲಿ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಎಲ್ಲ ಕಡೆ ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆಯಂತೆ ಆಂತರಿಕ ಸಮಿತಿ ಇರಬೇಕು. ಹಿರಿಯ ಮಹಿಳಾ ಉದ್ಯೋಗಿ ಅದರ ಅಧ್ಯಕ್ಷೆ, ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮಹಿಳೆಯರು, ಹೊರಗಿನ ಒಬ್ಬರು. ಘಟನೆಯಾದ ಮೂರು ತಿಂಗಳೊಳಗೆ ದೂರು ಕೊಡಬೇಕು, 90 ದಿನದೊಳಗೆ ವಿಚಾರಣೆ ಮುಗಿಯಬೇಕು. ಘಟಕದಲ್ಲಿ ಹತ್ತಕ್ಕಿಂತ ಕಡಿಮೆ ಮಂದಿ ಇದ್ದರೆ ಅಥವಾ ಆರೋಪ ಮಾಲೀಕರ ಮೇಲೆಯೇ ಇದ್ದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗಬಹುದು. ಸಮಿತಿಯ ಹೆಸರುಗಳನ್ನು ತಮಿಳಿನಲ್ಲೂ ಹಿಂದಿ, ಒಡಿಯಾಗಳಲ್ಲೂ ಬರೆದು, ಬಾತ್‌ರೂಮಿನ ಒಳಗಡೆ ಅಂಟಿಸಿ. ಗೇಟಿನ ಬಳಿಯ ಬೋರ್ಡಿನ ಮುಂದೆ ನಿಂತು ಓದಲು ಯಾರಿಗೂ ಧೈರ್ಯವಿರುವುದಿಲ್ಲ.

ಕೇಳಿದರೆ ಸಾಕೇ?

ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿ ಅರ್ಥಶಾಸ್ತ್ರಜ್ಞ ಅಚ್ಯುತ ಅಧ್ವರ್ಯು ಮತ್ತು ಸಂಗಡಿಗರು ನಡೆಸಿದ ಪ್ರಯೋಗಗಳನ್ನು ಪ್ರತಿ ಮಾಲೀಕರೂ ಓದಬೇಕು. ಕೆಲಸಗಾರರು ಎದುರು ನೋಡಿದ್ದಕ್ಕಿಂತ ಕಡಿಮೆ ಸಂಬಳ ಏರಿದ ಹೊತ್ತಿನಲ್ಲಿ ಹನ್ನೆರಡು ಕಾರ್ಖಾನೆಗಳ ಕೆಲಸಗಾರರಲ್ಲಿ ಕೆಲವರನ್ನು ಚೀಟಿ ಎತ್ತಿದಂತೆ ಆರಿಸಿ, ಹೆಸರು ಹೇಳದೆ ತಮ್ಮ ಅಭಿಪ್ರಾಯ ತಿಳಿಸಲು ಅವಕಾಶ ಕೊಟ್ಟರು. ಕೆಲಸ, ಸೂಪರ್‌ವೈಸರ್, ಸಂಬಳ, ಎಲ್ಲದರ ಬಗ್ಗೆ. ಮುಂದಿನ ತಿಂಗಳುಗಳಲ್ಲಿ ಕೆಲಸ ಬಿಟ್ಟವರ ಪ್ರಮಾಣ ಇವರಲ್ಲಿ ಉಳಿದವರಿಗಿಂತ ಸುಮಾರು ಶೇ 20 ಕಡಿಮೆ ಇತ್ತು. ಇವರಿಗೆ ಉಳಿದವರಿಗಿಂತ ಒಂದು ಪೈಸೆಯೂ ಹೆಚ್ಚು ಸಂಬಳ ಸಿಕ್ಕಿರಲಿಲ್ಲ.

ಹಾಗೆಂದು ಸಂಬಳದ ಬದಲಿಗೆ ಸಲಹಾ ಪೆಟ್ಟಿಗೆ ಇಟ್ಟರಾಯಿತು ಎಂದು ಯಾರೂ ತಿಳಿಯಬಾರದು. ಅದೇ ತಂಡ ಅಧ್ಯಯನ ಮಾಡಿದ ಇನ್ನೊಂದು ಯೋಜನೆಯಲ್ಲಿ ಹೆಂಗಸರಿಗೆ ಸಂವಹನ, ಸಮಯ ನಿರ್ವಹಣೆ, ಹಣದ ಲೆಕ್ಕಗಳ ತರಬೇತಿ ಕೊಟ್ಟಾಗ ಉತ್ಪಾದನೆ ಗಣನೀಯವಾಗಿ ಏರಿತು. ಕಂಪನಿಗೆ ಹಾಕಿದ ದುಡ್ಡಿನ ಎರಡೂವರೆ ಪಟ್ಟಿನಷ್ಟು ಲಾಭ ಬಂತು. ಕೆಲಸಗಾರ್ತಿಯರ ಸಂಬಳ ಮಾತ್ರ ಶೇ ಒಂದರಷ್ಟೂ ಏರಲಿಲ್ಲ. ಕೆಲಸ ಬಿಡುವವರ ಪ್ರಮಾಣವೂ ಬದಲಾಗಲಿಲ್ಲ. ಕಲಿತ ಕೈಗೆ ಕಲಿತಷ್ಟು ಕೂಲಿ ಸಿಗಬೇಕು. ತಿರುಪ್ಪೂರಿನಲ್ಲಿ ಮಾಲೀಕರ ಸಂಘಗಳೂ ಕಾರ್ಮಿಕ ಸಂಘಗಳೂ ಕೂತು ನಾಲ್ಕು ವರ್ಷಕ್ಕೊಮ್ಮೆ ಕೂಲಿ ಒಪ್ಪಂದ ಮಾಡಿಕೊಳ್ಳುವ ರೂಢಿಯಿದೆ. 2021ರ ಒಪ್ಪಂದದಲ್ಲಿ ನಾಲ್ಕು ವರ್ಷಕ್ಕೆ ಹಂತಹಂತವಾಗಿ ಶೇ 32 ಏರಿಕೆಯಾಯಿತು. ಕರ್ನಾಟಕದ ಗಾರ್ಮೆಂಟ್ಸ್ ವಲಯದಲ್ಲೂ ಇಂಥ ಮಾತುಕತೆಯ ರೂಢಿ ಬೆಳೆಯಬೇಕು ಎಂಬುದು ನನ್ನ ಬಲವಾದ ಆಸೆ.

ಕೇಳಿದ ಮೇಲೆ ಉತ್ತರ ಕೊಡುವುದನ್ನು ಮರೆಯಬೇಡಿ. ಬಂದ ಹತ್ತು ಮಾತಿನಲ್ಲಿ ಮೂರನ್ನು ಈ ತಿಂಗಳು ಸರಿಪಡಿಸುತ್ತೇವೆ, ಎರಡು ಆಗುವುದಿಲ್ಲ, ಕಾರಣ ಇಂಥದ್ದು ಎಂದು ಊಟದ ಹಾಲಿನಲ್ಲಿ ಓದಿ ಹೇಳಿ. ಆಗುವುದಿಲ್ಲ ಎಂಬ ಉತ್ತರವನ್ನು ಜನ ಸಹಿಸುತ್ತಾರೆ, ಉತ್ತರವೇ ಇಲ್ಲದ್ದನ್ನು ಸಹಿಸುವುದಿಲ್ಲ.

ಹಾಸ್ಟೆಲ್, ಮಗು, ನೀರು

ಹಾಸ್ಟೆಲ್ಲಿನಲ್ಲಿ ಫೋನು ಅವರ ಕೈಯಲ್ಲೇ ಇರಲಿ. ಭಾನುವಾರ ಪೇಟೆಗೆ ಹೋಗಲು ವಾರ್ಡನ್ನಿನ ಅಪ್ಪಣೆ ಬೇಕಾಗಬಾರದು, ಪುಸ್ತಕದಲ್ಲಿ ಹೆಸರು ಬರೆದು ಹೊರಟರೆ ಸಾಕು. ಒಡಿಶಾದ ಹುಡುಗಿಗೆ ಇಡ್ಲಿ ಸಾಂಬಾರು ಮೂರು ಹೊತ್ತೂ ಇಳಿಯುವುದಿಲ್ಲ, ಅಡುಗೆಗೆ ಅವರ ಕಡೆಯ ಒಬ್ಬರನ್ನು ಸೇರಿಸಿ. ಹೊಸದಾಗಿ ಬಂದವರ ಜೊತೆ ಅದೇ ಭಾಷೆಯ ಹಳಬರೊಬ್ಬರನ್ನು ಒಂದು ತಿಂಗಳ ಮಟ್ಟಿಗೆ ಜೋಡಿ ಮಾಡಿ. ಮೊದಲ ದಿನ, ಏಳನೇ ದಿನ, ಮೂವತ್ತನೇ ದಿನ ಯಾರಾದರೂ ಪಕ್ಕ ಕೂತು ‘ಹೇಗಿದ್ದೀರಿ, ಹೇಳಿದ ಸಂಬಳವೇ ಬಂತಾ’ ಎಂದು ಕೇಳಲಿ.

ಭಾಷೆ ಬಲ್ಲ ನಂಬಿಕಸ್ಥರು ಕಂಪನಿಯಲ್ಲಿ ಇರುವುದರ ಬೆಲೆ 2023ರ ಮಾರ್ಚಿನಲ್ಲಿ ಗೊತ್ತಾಯಿತು. ತಮಿಳುನಾಡಿನಲ್ಲಿ ಬಿಹಾರಿಗಳನ್ನು ಹೊಡೆಯುತ್ತಿದ್ದಾರೆ ಎಂಬ ಸುಳ್ಳು ವಿಡಿಯೊಗಳು ಹೋಳಿ ಹಬ್ಬದ ಮುಂಚೆ ಹರಡಿ, ಹೆದರಿದ ಕೆಲಸಗಾರರು ತಿರುಪ್ಪೂರು, ಕೊಯಮತ್ತೂರು ರೈಲು ನಿಲ್ದಾಣಗಳಿಗೆ ಧಾವಿಸಿದರು. ಜಿಲ್ಲಾಡಳಿತ, ಪೊಲೀಸರು ಹಿಂದಿಯಲ್ಲಿ ಸಹಾಯವಾಣಿ ತೆರೆದರು, ಬಿಹಾರ ಸರ್ಕಾರದ ತಂಡ ಬಂದು ಕಾರ್ಖಾನೆಗಳನ್ನು ನೋಡಿತು. ಇಂಥ ಹೊತ್ತಿನಲ್ಲಿ ಫೋನಿನಲ್ಲಿ ಬಂದ ವಿಡಿಯೊಗಿಂತ ಹೆಚ್ಚಾಗಿ ನಂಬಬಹುದಾದ ಒಬ್ಬ ಮನುಷ್ಯ ಹಾಸ್ಟೆಲ್ಲಿನಲ್ಲಿ ಮೊದಲೇ ಇರಬೇಕು. ಸುದ್ದಿ ಹರಡಿದ ಮೇಲೆ ಹುಡುಕಿದರೆ ಸಿಗುವುದಿಲ್ಲ.

ಐವತ್ತು ಅಥವಾ ಹೆಚ್ಚು ಉದ್ಯೋಗಿಗಳಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು ಎಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಹೇಳಿತು. 26 ವಾರದ ವೇತನಸಹಿತ ರಜೆಯೂ ಅದರಲ್ಲೇ ಬಂದದ್ದು. ಬಹಳ ಕಡೆ ತೊಟ್ಟಿಲು, ಗೊಂಬೆಗಳಿರುವ ಕೋಣೆ ಇದೆ, ಆಡಿಟ್ ದಿನ ಬಿಟ್ಟರೆ ಬೀಗ. ಕೇಂದ್ರ ಕಾರ್ಖಾನೆಯ ಸದ್ದು, ಧೂಳಿನಿಂದ ದೂರವಿರಲಿ. ಓಟಿ (ಓವರ್‌ಟೈಮ್) ಇದ್ದ ದಿನ ಓಟಿ ಮುಗಿಯುವವರೆಗೂ ತೆರೆದಿರಲಿ. ಒಂದೂವರೆ ಶಿಫ್ಟ್ ದುಡಿಯುವ ತಿರುಪ್ಪೂರಿನಲ್ಲಿ ಸಂಜೆ ಐದೂವರೆಗೆ ಮುಚ್ಚುವ ಕೇಂದ್ರದಿಂದ ಯಾವ ತಾಯಿಗೂ ಉಪಯೋಗವಿಲ್ಲ.

ಸೆಖೆಯ ಮಾತು ಬಂದಾಗ ದೊಡ್ಡ ಖರ್ಚು ನೆನಪಾಗುತ್ತದೆ. ಆದರೆ ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿ ಹೊಲಿಗೆ ಮೆಷಿನ್ ಮೇಲಿನ ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕಿದ್ದಕ್ಕೇ ಬಿಸಿ ತಗ್ಗಿ, ಬೇಸಿಗೆಯ ದಿನಗಳಲ್ಲಿ ಉತ್ಪಾದನೆ ಕುಸಿಯುವುದು ಬಹುಮಟ್ಟಿಗೆ ನಿಂತಿತೆಂದು ಅಧ್ವರ್ಯು ಅವರ ತಂಡವೇ ತೋರಿಸಿದೆ. ಕರೆಂಟ್ ಬಿಲ್ಲಿಗೆಂದು ಮಾಡಿದ ಬದಲಾವಣೆ ಮೈಗೂ ಒದಗಿತು. ಕುಡಿಯುವ ನೀರು ಲೈನಿನ ಹತ್ತಿರವೇ ಬೇಕು. ಬಾತ್‌ರೂಮಿಗೆ ಹೋಗಬೇಕಾಗುತ್ತದೆಂದು ನೀರೇ ಕುಡಿಯದೆ ಮೂತ್ರದ ಸೋಂಕು ತಂದುಕೊಳ್ಳುವ ಹೆಂಗಸರು ಎಲ್ಲ ಗಾರ್ಮೆಂಟ್ಸ್‌ಗಳಲ್ಲೂ ಇದ್ದಾರೆ. ಬಾತ್‌ರೂಮಿಗೆ ಹೋಗಲು ಟೋಕನ್ ಕೇಳುವ ಪದ್ಧತಿಯನ್ನು ಇವತ್ತೇ ನಿಲ್ಲಿಸಿ. ಕೊಯಮತ್ತೂರಿನ ಒಪ್ಪಣಕ್ಕಾರ ಬೀದಿ, ಕ್ರಾಸ್‌ಕಟ್ ರಸ್ತೆಗಳ ಜವಳಿ ಮಳಿಗೆಗಳಲ್ಲಿ ದಿನವಿಡೀ ನಿಂತೇ ಸೀರೆ ಬಿಡಿಸುವವರಿಗೆ ಕೂರಲು ಆಸನ ಕೊಡಲೇಬೇಕು ಎಂದು ತಮಿಳುನಾಡು 2021ರಲ್ಲಿ ಕಾಯ್ದೆ ತಿದ್ದಿತು. ಕರ್ನಾಟಕ ಸರ್ಕಾರವೂ ಇಂಥದೇ ಹೆಜ್ಜೆಯಿಟ್ಟು 2025ರಲ್ಲಿ ತಿಂಗಳಿಗೊಂದು ದಿನ ವೇತನಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ನೀಡಿತು.

ಹಬ್ಬದ ರಜೆಯನ್ನು ಮೂರು ತಿಂಗಳು ಮುಂಚೆ ಪ್ರಕಟಿಸಿ, ರೈಲು ಟಿಕೆಟ್ ತೆಗೆಯಲು ಅನುಕೂಲವಾಗುತ್ತದೆ. ಹೊರಡುವ ಮೊದಲೇ ಬಾಕಿ ಕೂಲಿ ಪೂರ್ತಿ ಕೊಡಿ. ಮರಳಿ ಬರಲೆಂದು ಸಂಬಳ ಹಿಡಿಯುವುದು ಸುಮಂಗಲಿಯ ಹಳೆಯ ಬುದ್ಧಿಯೇ.

ಪಿಎಫ್‌ಗಾಗಿ ಕೆಲಸ ಬಿಡುವುದು

ಪಿಎಫ್‌ಗಾಗಿ ಕೆಲಸ ಬಿಡುವವರನ್ನು ಎಚ್‌ಆರ್‌ನವರು ಎಷ್ಟೋ ಸಲ ಗಮನಿಸುವುದಿಲ್ಲ. ಮಗಳ ಶಾಲೆಯ ಫೀಸಿಗೋ ಆಸ್ಪತ್ರೆ ಸಾಲಕ್ಕೋ ಒಟ್ಟಿಗೆ ದುಡ್ಡು ಬೇಕಾದಾಗ ಗಾರ್ಮೆಂಟ್ಸ್‌ ಹೆಂಗಸರ ಬಳಿ ಇರುವ ಏಕೈಕ ಗಂಟು ಪಿಎಫ್. ಅದನ್ನು ಬಿಡಿಸಿಕೊಳ್ಳಲೆಂದೇ ರಾಜೀನಾಮೆ ಕೊಟ್ಟು, ಆಮೇಲೆ ಬೇರೆ ಕಂಪನಿ ಸೇರುವವರು ಬಹಳ. ಆ ದುಡ್ಡು ಅವರಿಗೆ ಎಷ್ಟು ಮುಖ್ಯ ಎಂಬುದನ್ನು 2016ರ ಏಪ್ರಿಲ್ 18, 19ರಂದು ಬೆಂಗಳೂರು ನೋಡಿತು. ಪಿಎಫ್ ಹಿಂಪಡೆಯುವ ನಿಯಮ ಬಿಗಿ ಮಾಡಿದ್ದಕ್ಕೆ ಸಾವಿರಾರು ಕೆಲಸಗಾರ್ತಿಯರು ಹೊಸೂರು ರಸ್ತೆಗೆ ಇಳಿದರು, ಕೇಂದ್ರ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. ಕೆಲಸದಲ್ಲಿದ್ದುಕೊಂಡೇ ಕಾಯಿಲೆ, ಮದುವೆ, ಓದು, ಮನೆಗಾಗಿ ಪಿಎಫ್‌ನಲ್ಲಿ ಒಂದು ಪಾಲು ಪಡೆಯಲು ಅವಕಾಶವಿದೆ. ವಾರಕ್ಕೊಂದು ಮಧ್ಯಾಹ್ನ ಒಬ್ಬ ಗುಮಾಸ್ತರನ್ನು ಕಂಪ್ಯೂಟರ್ ಮುಂದೆ ಕೂರಿಸಿ ಆಧಾರ್ ಜೋಡಣೆ, ಹೆಸರಿನ ತಪ್ಪು, ಅರ್ಜಿ ತುಂಬುವುದನ್ನು ಮಾಡಿಸಿದರೆ ಎಷ್ಟೋ ರಾಜೀನಾಮೆಗಳು ತಪ್ಪುತ್ತವೆ. ಕಾರ್ಮಿಕರ ವಿಮೆಯಾದ ಇಎಸ್‌ಐ ಕೂಡ ಹಾಗೇ. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರಿಂದ ಶೇ 0.75 ಕಡಿತವಾಗುತ್ತದೆ, ಕಂಪನಿ ಶೇ 3.25 ಕಟ್ಟುತ್ತದೆ. ಕಾರ್ಡ್ ಕೈಗೆ ಕೊಟ್ಟು, ಕಾಯಿಲೆ ಬಿದ್ದಾಗ ವರ್ಷಕ್ಕೆ 91 ದಿನದವರೆಗೆ ಶೇ 70ರಷ್ಟು ಕೂಲಿ ಸಿಗುತ್ತದೆ ಎಂದು ಅವರವರ ಭಾಷೆಯಲ್ಲಿ ಹೇಳಿ.

ಬಿಟ್ಟು ಹೋಗಲು ಬಿಡುವ ಧೈರ್ಯ

ಕೊಯಮತ್ತೂರಿನ ಕೆಪಿಆರ್ ಮಿಲ್ ಶಿಫ್ಟ್ ಮುಗಿದ ಮೇಲೆ ಹೆಣ್ಣುಮಕ್ಕಳಿಗೆ ತರಗತಿ ನಡೆಸುತ್ತದೆ. ಹತ್ತನೇ ತರಗತಿಯಿಂದ ಪದವಿಯವರೆಗೆ ಸಾವಿರಾರು ಮಂದಿ ಅಲ್ಲಿ ದುಡಿಯುತ್ತಲೇ ಓದಿದ್ದಾರೆ. ಪದವಿ ಪಡೆದವರಲ್ಲಿ ಹಲವರು ಗಿರಣಿ ಬಿಟ್ಟು ಬೇರೆ ಕೆಲಸಕ್ಕೆ ಹೋಗುತ್ತಾರೆ. ಓದಿಸಿ ಕಳೆದುಕೊಂಡಂತೆ ಆಯಿತಲ್ಲ ಎನ್ನಬಹುದು. ಆದರೆ ಓದುವಷ್ಟು ವರ್ಷ ಅವರು ನಿಲ್ಲುತ್ತಾರೆ, ಊರಿನ ಇನ್ನೊಬ್ಬಳಿಗೆ ಧೈರ್ಯವಾಗಿ ಹೇಳಿ ಕಳಿಸುತ್ತಾರೆ. ಕಂಪ್ಯೂಟರ್ ಮುಂದೆ ಕೂರುವವರ ಲೋಕದಲ್ಲಿ, ಅದೇ ಊರಿನ ಸಾಫ್ಟ್‌ವೇರ್ ಕಂಪನಿ ಕೋವೈ ಡಾಟ್ ಕೋ ಮೂರು ವರ್ಷ ಪೂರೈಸಿದವರಿಗೆ ವಾರ್ಷಿಕ ಸಂಬಳದ ಅರ್ಧದಷ್ಟು ಬೋನಸ್ ಕೊಡುವುದಾಗಿ ಮಾತು ಕೊಟ್ಟು, 2025ರ ಆರಂಭದಲ್ಲಿ ಅದನ್ನು ನಡೆಸಿತು. ನೂರನಲವತ್ತಕ್ಕೂ ಹೆಚ್ಚು ಉದ್ಯೋಗಿಗಳಿಗೆಂದು ಎತ್ತಿಟ್ಟ ಮೊತ್ತ 14 ಕೋಟಿ. ಇಲ್ಲೂ ಮೂರು ವರ್ಷ, ಅಲ್ಲೂ ಮೂರು ವರ್ಷ. ಸುಮಂಗಲಿಯದು ಕೂಲಿಯಿಂದಲೇ ಹಿಡಿದಿಟ್ಟ ಗಂಟು, ಇದು ಪೂರ್ತಿ ಸಂಬಳದ ಮೇಲೆ ಬಂದ ಗಂಟು.

ಮನಸ್ಸಿನ ಬೇನೆಯನ್ನು ಸಾಫ್ಟ್‌ವೇರಿನವರ ಕಾಯಿಲೆ ಎಂದು ತಿಳಿಯಬೇಡಿ. ಖಿನ್ನತೆ, ಆತಂಕಗಳಿಂದ ಲೋಕದಲ್ಲಿ ವರ್ಷಕ್ಕೆ 1,200 ಕೋಟಿ ಕೆಲಸದ ದಿನಗಳು ಹೋಗುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಊರು ಬಿಟ್ಟು ಬಂದ ಹತ್ತೊಂಬತ್ತರ ಹುಡುಗಿಯ ನಿದ್ದೆ ಕೆಟ್ಟದ್ದೂ ಅದರಲ್ಲಿ ಸೇರುತ್ತದೆ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಕನ್ನಡ, ತಮಿಳು, ಹಿಂದಿ ಎಲ್ಲದರಲ್ಲೂ ಸಿಗುತ್ತದೆ, ಖರ್ಚಿಲ್ಲ.

ಸೇರುವವರು ಕೇಳಬೇಕಾದ್ದು

ನಿಮ್ಮ ಮನೆಯಿಂದ ಯಾರಾದರೂ ಈ ಕಡೆ ಕೆಲಸಕ್ಕೆ ಹೊರಟಿದ್ದರೆ, ಏಜೆಂಟನ ಮಾತು ಸಾಲದು. ದಿನಕ್ಕೆ ಎಷ್ಟು ಗಂಟೆ, ಓಟಿಗೆ ಕಾನೂನಿನಂತೆ ಎರಡು ಪಟ್ಟು ಕೊಡುತ್ತಾರಾ, ಸಂಬಳ ವಾರಕ್ಕೋ ತಿಂಗಳಿಗೋ, ಊಟ ಮತ್ತು ಹಾಸ್ಟೆಲ್ಲಿಗೆ ಎಷ್ಟು ಹಿಡಿಯುತ್ತಾರೆ, ಚೀಟಿಯಲ್ಲಿ ಪಿಎಫ್ ನಂಬರ್ ಇರುತ್ತದಾ, ಕೇಳಿ. ನೇಮಕದ ಪತ್ರ ಬರೆದು ಕೊಡಲಿ. ಆಧಾರ್ ಕಾರ್ಡಿನ ನಕಲು ಕೊಡಿ, ಮೂಲ ಯಾರಿಗೂ ಕೊಡಬೇಡಿ. ಅಲ್ಲಿ ಈಗ ದುಡಿಯುತ್ತಿರುವ ನಿಮ್ಮ ಕಡೆಯ ಒಬ್ಬರ ಜೊತೆ, ಏಜೆಂಟ್ ಪಕ್ಕದಲ್ಲಿ ಇಲ್ಲದಾಗ, ಫೋನಿನಲ್ಲಿ ಮಾತಾಡಿ. ಅಪ್ಪನೋ ಅಮ್ಮನೋ ಜೊತೆಗೆ ಹೋಗಿ ಹಾಸ್ಟೆಲ್ ನೋಡಿ ಬನ್ನಿ. ಒಳಗೆ ಬಿಡುವುದಿಲ್ಲ ಎಂದರೆ ಮಗಳನ್ನು ಅಲ್ಲಿ ಬಿಡದೆ ಅದೇ ಬಸ್ಸಿಗೆ ವಾಪಸು ಕರೆತನ್ನಿ. ಮಹಿಳಾ ಸಹಾಯವಾಣಿ 181, ಹದಿನೆಂಟು ತುಂಬದವರನ್ನು ಅಲ್ಲಿ ದುಡಿಸುತ್ತಿರುವುದು ಕಂಡರೆ 1098, ಜೊತೆಗೆ ಟೆಲಿ-ಮಾನಸ್ 14416: ಈ ಮೂರೂ ನಂಬರುಗಳನ್ನು ಹೊರಡುವ ಮೊದಲೇ ಅವರ ಫೋನಿನಲ್ಲಿ ಸೇವ್ ಮಾಡಿಕೊಡಿ, ಇನ್ನೊಂದು ಸಲ ಕಾಗದದ ಮೇಲೂ ಬರೆದುಕೊಡಿ.